ಆರನೇ ಕುರ್ಚಿಯ ಗೆರೆ

ಬೆರಳಿಗೆ ಪಟ್ಟಿ ಕಟ್ಟುವ ಮೊದಲು ಕೈ ತೊಳೆಸಬೇಕು. ಸೋಪು ಹಾಕಬಾರದು, ಬರೀ ನೀರು. ಒರೆಸಿದ ಮೇಲೆ ಐದು ನಿಮಿಷ ಹಾಗೇ ಬಿಡಬೇಕು. ಆಮೇಲೆ ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ಒಳಭಾಗಕ್ಕೆ ಕಡಲೆಕಾಳಿನಷ್ಟು ಪೇಸ್ಟು ಸವರಿ, ಲೋಹದ ಬಿಲ್ಲೆಯಿರುವ ಪಟ್ಟಿಯನ್ನು ಸುತ್ತಬೇಕು. ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ, ಸಡಿಲವಾದರೆ ಬಿಲ್ಲೆ ಅಲುಗುತ್ತದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಈ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ಒಂದು ದಿನ ಕೆಟ್ಟದಾಗಿ ಮಾಡಿದೆ. ಕೆಟ್ಟದಾಗಿ ಮಾಡಿದ್ದು ಗೊತ್ತಾದ ಮೇಲೂ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಐದು-ಆರರ ಸುಮಾರು. ಇಂದಿರಾನಗರದ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಧಾರವಾಡದ ಕಡೆಯ ಒಬ್ಬ ಮೇಡಂ ಸಂಶೋಧನೆ ನಡೆಸುತ್ತಿದ್ದರು. ನಾಲ್ಕು ಜನ ಕೂತು ಮಾತಾಡಿ ಎಲ್ಲರೂ ಒಪ್ಪಿದೆವು ಅನ್ನುತ್ತಾರಲ್ಲ, ಅದರಲ್ಲಿ ಮನಸಾರೆ ಒಪ್ಪಿದವರು ಎಷ್ಟು, ಬಾಯಿಮಾತಿಗೆ ಒಪ್ಪಿದವರು ಎಷ್ಟು ಎಂದು ತಿಳಿಯುವುದು ಅವರ ಕೆಲಸ. ಶಿವಾಜಿನಗರದ ಹತ್ತಿರ ಒಂದು ನರ್ಸಿಂಗ್ ಹೋಮಿನಲ್ಲಿ ಫಿಟ್ಸ್ ಬರುವವರ ತಲೆಗೆ ವಯರು ಅಂಟಿಸುತ್ತಿದ್ದ ನನ್ನನ್ನು ಅದಕ್ಕಾಗಿಯೇ ಕರೆದುಕೊಂಡಿದ್ದರು.

ಹಾಲಿನಲ್ಲಿ ದುಂಡು ಮೇಜು, ಸುತ್ತ ಎಂಟು ಕುರ್ಚಿ. ಮೇಡಂ ಒಂದು ಚೀಟಿ ಓದುತ್ತಿದ್ದರು. ಅದರಲ್ಲಿ ಒಂದು ಸಂಸಾರದ ಕಷ್ಟ ಇರುತ್ತಿತ್ತು. ಎಂಟು ಜನ ಚರ್ಚಿಸಿ ಒಂದೇ ತೀರ್ಮಾನಕ್ಕೆ ಬರಬೇಕು. ಮನಸ್ಸು ಬೆಚ್ಚಿದರೆ ಬೆರಳು ಕಣ್ಣಿಗೆ ಕಾಣದಷ್ಟು ಬೆವರುತ್ತದೆ. ಬೆವರಿದ ಚರ್ಮದಲ್ಲಿ ಕರೆಂಟು ಸಲೀಸಾಗಿ ಹಾಯುತ್ತದೆ. ಆಗ ಪರದೆಯ ಮೇಲೆ ಆ ಕುರ್ಚಿಯ ಗೆರೆ ಏರುತ್ತದೆ. ಇದಲ್ಲದೆ ನಾಡಿಗೆಂದು ಕಿವಿಯ ಹಾಲೆಗೆ ಒಂದು ಕ್ಲಿಪ್ಪು. ಮಿದುಳಿನ ಅಲೆ ಹಿಡಿಯುವ ಟೋಪಿ ಎರಡೇ ಇದ್ದುದರಿಂದ ಎಂಟರಲ್ಲಿ ಇಬ್ಬರಿಗೆ ಮಾತ್ರ ಅದನ್ನು ಹಾಕುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ನಾನು. ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಬೆರಳಿನ ಗೆರೆಗಳನ್ನು ಮಾತ್ರ ನಾನು ನೋಡುತ್ತಿದ್ದೆ. ಯಾರಾದರೂ ಕೆಮ್ಮಿದರೆ, ಕೈ ಆಡಿಸಿದರೆ ಹೊತ್ತು ಬರೆದುಕೊಳ್ಳಬೇಕು. ಕಿವಿಯದ್ದೂ ತಲೆಯದ್ದೂ ಸುಮ್ಮನೆ ದಾಖಲಾಗುತ್ತಿದ್ದವು, ಮೇಡಂ ಆಮೇಲೆ ಕೂತು ನೋಡುತ್ತಿದ್ದರು.

ಹೇಳಿದಷ್ಟು ಸುಲಭವಾಗಿ ಯಾವುದೂ ನಡೆಯುತ್ತಿರಲಿಲ್ಲ. ಹೆಂಗಸರು ಕೈ ಆಡಿಸದೆ ಮಾತಾಡುವುದಿಲ್ಲ. ಗಾಜಿನ ಬಳೆ ಮೇಜಿಗೆ ಬಡಿದರೆ ಗೆರೆ ಹಾರುತ್ತಿತ್ತು. ಬಳೆ ತೆಗೆಯಿರಿ ಎನ್ನುವ ಹಾಗಿಲ್ಲ, ಮುತ್ತೈದೆಯರು ಸಿಟ್ಟಾಗುತ್ತಾರೆ. ಕೊನೆಗೆ ಬಳೆಗಳ ಮೇಲೆ ಬಟ್ಟೆಯ ಪಟ್ಟಿ ಸುತ್ತುವ ಉಪಾಯ ಮಾಡಿದೆ. ತಲೆಗೆ ಎಣ್ಣೆ ಹಚ್ಚಿ ಬಂದರೆ ಟೋಪಿಯ ಪೇಸ್ಟು ನಿಲ್ಲುತ್ತಿರಲಿಲ್ಲ. ಜನರನ್ನು ಗೊತ್ತುಮಾಡಿ ಕರೆತರುತ್ತಿದ್ದ ಕಮ್ಮನಹಳ್ಳಿಯ ಅಕ್ಕ ಒಬ್ಬರಿದ್ದರು. “ಎಣ್ಣೆ ಹಾಕ್ಬೇಡಿ ಅಂದ್ರೆ ಡಬಲ್ ಹಾಕ್ಕೊಂಡು ಬರ್ತಾರೆ ಗುರು, ಫೋಟೋ ತೆಗೀತಾರೆ ಅನ್ಕೊಂಡಿದಾರೆ,” ಎಂದು ಅವರು ನಗುತ್ತಿದ್ದರು.

ಎಲ್ಲ ಕಟ್ಟಿಯಾದ ಮೇಲೆ ಒಂದು ಪರೀಕ್ಷೆ. ಎಲ್ಲರಿಗೂ ದೀರ್ಘವಾಗಿ ಉಸಿರೆಳೆದು ಹಿಡಿಯಲು ಹೇಳಬೇಕು. ಎರಡು-ಮೂರು ಸೆಕೆಂಡಿನಲ್ಲಿ ಎಂಟು ಗೆರೆಗಳೂ ಏರಬೇಕು. ಯಾರದ್ದು ಏರಲಿಲ್ಲವೋ ಅವರ ಪಟ್ಟಿ ಬಿಚ್ಚಿ ಮತ್ತೆ ಕಟ್ಟಬೇಕು. ಆಗಲೂ ಏರದಿದ್ದರೆ ಅವರ ಬೆರಳಿನ ಚರ್ಮ ದಪ್ಪ ಎಂದು ಅರ್ಥ. ಅಂಥವರಿಗೆ ಬಿಲ್ಲೆಗಳನ್ನು ಪಾದದ ಒಳಅಂಚಿಗೆ, ಕಾಲ್ಗಿಣ್ಣಿನ ಕೆಳಗೆ ಕಟ್ಟಬೇಕು. ಗಾರೆ ಕೆಲಸದ ಹೆಂಗಸೊಬ್ಬರಿಗೂ ಅಡುಗೆ ಕೆಲಸದವರೊಬ್ಬರಿಗೂ ಹಾಗೆ ಕಟ್ಟಿದ್ದೆ. ಎಂಟೂ ಏರಿದ ಮೇಲೆ ಹಾಳೆಯಲ್ಲಿ ಪ್ರತಿ ಕುರ್ಚಿಯ ಎದುರು ಸರಿ ಗುರುತು ಹಾಕಿ ಕೆಳಗೆ ನನ್ನ ಸಹಿ.

ಗೆರೆಯ ಬಗ್ಗೆ ಮೇಡಂ ಮೊದಲ ವಾರವೇ ಎಚ್ಚರಿಸಿದ್ದರು. “ಗೆರಿ ಏರಿದ್ರ ಒಳಗ ಏನೋ ಆತು ಅಂತಷ್ಟ ತಿಳೀತದ. ಏನಾತು ಅಂತ ಅದು ಹೇಳೂದಿಲ್ಲ. ಏರಲಿಲ್ಲಂದ್ರ ಏನೂ ಆಗಿಲ್ಲ ಅಂತ ತಿಳ್ಕೋಬ್ಯಾಡ ಮತ್ತ.” ನಾನು ತಲೆಯಾಡಿಸಿದ್ದೆ.

ಇನ್ನೊಂದು ನಿಯಮವೂ ಇತ್ತು. ಅಲ್ಲಿ ಕೆಲಸ ಮಾಡುವವರ ನೆಂಟರು ಕುರ್ಚಿಯಲ್ಲಿ ಕೂರಬಾರದು.

ಆ ಕಾಲಕ್ಕೆ ನನ್ನ ತಂಗಿ ಗಂಡನ ಮನೆಯಿಂದ ಬಂದು ಇಪ್ಪತ್ತು ದಿನವಾಗಿತ್ತು. ನಮ್ಮದು ಕೆ.ಆರ್. ಪುರದ ಹಳೇ ಊರು. ಅಪ್ಪ ಇಲ್ಲ, ಮನೆಯ ಹಿರಿಯರೆಂದರೆ ದೊಡ್ಡಪ್ಪ. ಅವಳನ್ನು ಶಿಡ್ಲಘಟ್ಟದ ಕಡೆ ಕೊಟ್ಟಿತ್ತು. ಅವರದು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ. ಒಂದು ಮಧ್ಯಾಹ್ನ ಒಂದು ಚೀಲ ಹಿಡಿದು ಒಬ್ಬಳೇ ಬಂದಿದ್ದಳು. ಯಾಕೆ ಬಂದೆ ಎಂದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಮುಂದಿನ ತಿಂಗಳು ನನಗೆ ಹೆಣ್ಣು ನೋಡುವುದು ನಿಶ್ಚಯವಾಗಿತ್ತು. ಮದುವೆಯಾದ ಮಗಳು ಮನೆಯಲ್ಲೇ ಇದ್ದಾಳೆಂದರೆ ಹೆಣ್ಣಿನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂದು ಅಮ್ಮ ದಿನಾ ಹೇಳುತ್ತಿದ್ದಳು. ನಾನು ಹೇಳುತ್ತಿರಲಿಲ್ಲ, ಆದರೆ ನನಗೂ ಅದೇ ಚಿಂತೆ.

ಇವಳಿಗೂ ಬೇಜಾರು ಕಳೆಯಲಿ, ಹಲಸೂರಿನ ದೇವಸ್ಥಾನಕ್ಕೆ ಹೋಗಿ ಬನ್ನಿ ಎಂದು ಅಮ್ಮ ಒಂದು ಶನಿವಾರ ಅವಳನ್ನು ನನ್ನ ಜೊತೆ ಕಳಿಸಿದಳು. ಬೆಳಿಗ್ಗೆಯ ಗುಂಪು ಮುಗಿಸಿಕೊಂಡು ಹೋಗೋಣ ಎಂದು ಅವಳನ್ನು ಕೆಳಗಿನ ವರಾಂಡದಲ್ಲಿ ಕೂರಿಸಿದೆ. ಅವತ್ತು ಏಳೇ ಹೆಂಗಸರು ಬಂದರು. ಅಕ್ಕ ಫೋನ್ ಮೇಲೆ ಫೋನ್ ಮಾಡಿದರು, ಎಂಟನೆಯವರು ಸಿಗಲಿಲ್ಲ. ಏಳು ಜನರನ್ನಿಟ್ಟುಕೊಂಡು ಮೇಡಂ ಶುರು ಮಾಡುವುದಿಲ್ಲ.

ಆ ದಿನದ ಚೀಟಿ ಯಾವುದೆಂದು ನನಗೆ ಗೊತ್ತಿತ್ತು. ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಾಳೆ, ಕಾರಣ ಹೇಳುತ್ತಿಲ್ಲ, ಅವಳನ್ನು ವಾಪಸ್ ಕಳಿಸಬೇಕೋ ಬೇಡವೋ. ಅಂಥ ಚೀಟಿ ಅದೇ ದಿನ ಬಂದದ್ದು ಆಕಸ್ಮಿಕ. ಅದನ್ನು ತಿಳಿದೂ ಕೆಳಗೆ ಹೋಗಿ ತಂಗಿಯನ್ನು ಕರೆದದ್ದು ಆಕಸ್ಮಿಕವಲ್ಲ. ಬಾಯಿಬಿಟ್ಟು ಹೇಳದವಳ ಮನಸ್ಸು ಪರದೆಯ ಮೇಲಾದರೂ ಕಾಣಲಿ ಎಂದುಕೊಂಡೆ. ನಮ್ಮ ಬೀದಿಯವಳು, ಅಂಗಡಿಗೆಂದು ಈ ಕಡೆ ಬಂದಿದ್ದಳು ಎಂದು ಮೇಡಂಗೆ ಹೇಳಿದೆ. ಅವರು ಅವಳ ಹೆಸರು ಬರೆಸಿಕೊಂಡು, ಒಪ್ಪಿಗೆಯ ಹಾಳೆ ಓದಿ ಹೇಳಿ, ಆರನೇ ಕುರ್ಚಿ ತೋರಿಸಿದರು.

ಅವಳ ಬೆರಳು ಹಿಡಿದಾಗಲೇ ನನಗೆ ತಿಳಿಯಿತು. ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿಯುವವರ ಕೈ ಅದು. ತುದಿಗಳು ಬೆಳ್ಳಗೆ ಗಟ್ಟಿಯಾಗಿ, ಅಲ್ಲಲ್ಲಿ ಸೀಳಿ, ಒಣಗಿದ ರೊಟ್ಟಿಯಂತಾಗಿದ್ದವು. ಮದುವೆಗೆ ಮೊದಲು ಅವಳ ಕೈ ಹೇಗಿತ್ತೆಂದು ನಾನು ಬಲ್ಲೆ. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಇವಳಿಗೆ ಬಿಲ್ಲೆ ಹಿಡಿಯುವುದಿಲ್ಲವಲ್ಲ, ತಡವಾಗುತ್ತದಲ್ಲ ಎನ್ನುವುದೊಂದೇ ತಲೆಯಲ್ಲಿತ್ತು.

ಉಸಿರಿನ ಪರೀಕ್ಷೆಯಲ್ಲಿ ಏಳು ಗೆರೆ ಏರಿದವು, ಆರನೆಯದು ಕದಲಲಿಲ್ಲ. ಬಿಚ್ಚಿ ಕಟ್ಟಿದೆ. ಮತ್ತೆ ಅದೇ. ಪಾದಕ್ಕೆ ಕಟ್ಟಲೆಂದು ಅವಳ ಕುರ್ಚಿಯ ಮುಂದೆ ಕೂತು ಕೈ ಚಾಚಿದೆ. ಅವಳು ಬೆಚ್ಚಿ ಕಾಲು ಹಿಂದಕ್ಕೆಳೆದುಕೊಂಡಳು.

“ಬೇಡಣ್ಣ. ನೀನು ನನ್ನ ಕಾಲು ಮುಟ್ಟಬಾರದು,” ಎಂದು ಪಿಸುಗುಟ್ಟಿದಳು.

ನಮ್ಮಲ್ಲಿ ದೊಡ್ಡವರು ಚಿಕ್ಕವರ ಕಾಲು ಮುಟ್ಟುವುದಿಲ್ಲ. ಅವಳು ಬೇಡ ಅಂದದ್ದು ನನಗೂ ನಿರಾಳವಾಯಿತು. ಕಮ್ಮನಹಳ್ಳಿಯ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಹೇಳಿದ್ದರೆ ಎರಡು ನಿಮಿಷದಲ್ಲಿ ಕಟ್ಟುತ್ತಿದ್ದರು. ಹೇಳಿದರೆ ಯಾಕೆ, ನಿನಗೇನಾಗಿದೆ ಎಂದು ಕೇಳುತ್ತಾರೆ. ಕೇಳಿದರೆ ತಂಗಿ ಎನ್ನುವುದು ಹೊರಗೆ ಬೀಳುತ್ತದೆ. ಬೆರಳಿಗೆ ಇನ್ನಷ್ಟು ಪೇಸ್ಟು ಸವರಿ ಎದ್ದು ಹೋದೆ. ಹಾಳೆಯಲ್ಲಿ ಆರನೇ ಕುರ್ಚಿಯ ಎದುರೂ ಸರಿ ಗುರುತು ಹಾಕಿ ಸಹಿ ಮಾಡಿದೆ.

ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಒಬ್ಬಿಬ್ಬರು ಮೊದಲು ಆ ಹೆಂಗಸಿನ ಪರ ಮಾತಾಡಿದರು. ನಿಧಾನಕ್ಕೆ ಮಾತು ಒಂದೇ ಕಡೆ ವಾಲಿತು. ಎಲ್ಲರ ಮನೆಯಲ್ಲೂ ಇರುವುದೇ, ಹೊಂದಿಕೊಂಡು ಹೋಗಬೇಕು, ತವರಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದರು. ಅವಳ ಪರ ಮಾತಾಡಿದ್ದವರ ಗೆರೆ ಮಾತು ಬದಲಿಸುವಾಗ ಏರಿದ್ದು ನನಗೆ ಕಾಣುತ್ತಿತ್ತು. ತಂಗಿ ಕೊನೆಯವರೆಗೂ ಮಾತಾಡಲಿಲ್ಲ. ನೀವೇನಂತೀರವ್ವಾ ಎಂದು ಮೇಡಂ ಅವಳನ್ನೇ ಕೇಳಿದರು. ಸ್ಪೀಕರಿನಲ್ಲಿ ಅವಳ ದನಿ ಬಂತು.

“ಹೋಗ್ಬೇಕು. ಅವಳು ಹೋಗ್ಬೇಕು.”

ನಾನು ಆರನೇ ಗೆರೆಯನ್ನೇ ನೋಡುತ್ತಿದ್ದೆ. ಅದು ಸ್ಕೇಲಿಟ್ಟು ಎಳೆದಂತೆ ಮಲಗಿತ್ತು. ಉಸಿರಿನ ಪರೀಕ್ಷೆಯಲ್ಲಿ ಏಳದ ಗೆರೆ ಈಗಲೂ ಏಳಲಾರದು ಎನ್ನುವುದು ಗಂಟೆಯ ಹಿಂದಷ್ಟೇ ತಿಳಿದಿದ್ದವನು ನಾನು. ಆದರೂ ಅದನ್ನು ನೋಡಿ ಮನಸ್ಸು ಹಗುರವಾಯಿತು.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ಮರುದಿನ ದೊಡ್ಡಪ್ಪನಿಗೂ ಹೇಳಿದೆ. ಅವಳಿಗೆ ಒಳಗೆ ಭಯವೇನೂ ಇಲ್ಲ, ಸುಮ್ಮನೆ ಮುನಿಸು, ಎಂಟು ಜನರ ಮುಂದೆ ತಾನೇ ಹೋಗಬೇಕು ಅಂದಳು, ನಾನು ಮಿಷಿನ್ನಿನಲ್ಲಿ ಕಣ್ಣಾರೆ ನೋಡಿದ್ದೇನೆ ಎಂದೆ. ದೊಡ್ಡಪ್ಪ ಅವಳನ್ನು ಕರೆದು ಏನಮ್ಮ, ಹೊರಡ್ತೀಯಾ ಎಂದರು. ಅವಳು ತಲೆ ತಗ್ಗಿಸಿದಳು. ಅದನ್ನು ಒಪ್ಪಿಗೆ ಎಂದುಕೊಂಡೆವು. ಆ ವಾರವೇ ನಾನು ಅವಳನ್ನು ಕರೆದುಕೊಂಡು ಹೋಗಿ ಅವರ ಮನೆಯಲ್ಲಿ ಬಿಟ್ಟು, ಅವಳ ಗಂಡನ ಅಣ್ಣನಿಗೆ ಎಲ್ಲ ಸರಿಯಾಗಿದೆ ಎಂದು ಹೇಳಿ ಬಂದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮೇಡಂ ನನ್ನನ್ನು ಪರದೆಯ ಹತ್ತಿರ ಕರೆದರು. ಆ ಶನಿವಾರದ ಗುಂಪಿನ ದಾಖಲೆ ತೆರೆದಿತ್ತು.

“ಆರನೇ ಕುರ್ಚಿ ಮೊದ್ಲಿಂದ್ಲೂ ಸತ್ತು ಬಿದ್ದದ. ಉಸುರಿನ ಪರೀಕ್ಷಾದಾಗೂ ಎದ್ದಿಲ್ಲ. ನೀ ರೈಟ್ ಹಾಕೀಯಲ್ಲ?”

ನೋಡಿರಲಿಲ್ಲ ಮೇಡಂ, ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ. ಇನ್ನೊಂದು ಕಿಟಕಿ ತೆರೆದು ಕಿವಿಯ ಕ್ಲಿಪ್ಪಿನ ದಾಖಲೆ ತೋರಿಸಿದರು. ಚೀಟಿ ಓದಿದ ಕ್ಷಣದಿಂದ ಆರನೇ ಕುರ್ಚಿಯ ನಾಡಿ ಮೇಲಕ್ಕೆ ಹೋಗಿತ್ತು. ಇಳಿಯಲೇ ಇಲ್ಲ. ಸರದಿ ಬಂದಾಗ ಬಡಿತದ ಗೀಟುಗಳು ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತಾಗಿದ್ದವು.

“ಭಾಳ ಅಂಜಿದ್ಳು ನೋಡಪಾ ಈಕಿ. ಎಂಟು ಮಂದ್ಯಾಗ ಇಷ್ಟು ಯಾರೂ ಅಂಜಿಲ್ಲ. ಯಾರಾಕಿ? ನಿಮ್ಮ ಬೀದಿಯಾಕಿ ಅಂದಿದ್ದಿ. ಅರಾಮ ಇದ್ದಾಳೇನು?”

ಇದ್ದಾಳೆ ಮೇಡಂ ಎಂದೆ.

ಅವತ್ತೇ ಹೊರಟು ಶಿಡ್ಲಘಟ್ಟಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಹೆಣ್ಣು ನೋಡಿಯಾಗಿತ್ತು, ಅವರು ಒಪ್ಪಿದ್ದರು. ನಾಡಿ ಓಡಿದ್ದು ಹೊಸ ಜನರ ಮುಂದೆ ಕೂತದ್ದಕ್ಕೂ ಇರಬಹುದಲ್ಲ ಎಂದುಕೊಂಡೆ. ಅದು ಸುಳ್ಳೂ ಅಲ್ಲ. ಗೆರೆ ಕಾರಣ ಹೇಳುವುದಿಲ್ಲ ಎನ್ನುವ ಪಾಠ ನನಗೆ ಬೇಕಾದ ಹೊತ್ತಿಗೆ ಸರಿಯಾಗಿ ನೆನಪಾಯಿತು. ಒಂದೆರಡು ಸಲ ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಅವಳು ಬಂದು ಚೆನ್ನಾಗಿದೀನಿ ಅಂದಳು. ಹಿಂದೆ ಯಾರೋ ನಿಂತಿರುವುದು ತಿಳಿಯುತ್ತಿತ್ತು. ನನ್ನ ಮದುವೆಗೂ ಬಂದು ಎರಡು ದಿನ ಇದ್ದು ಹೋದಳು. ಅವಳ ಜೊತೆ ಒಂಟಿಯಾಗಿ ಮಾತಾಡುವ ಸಂದರ್ಭವನ್ನು ನಾನೇ ತಪ್ಪಿಸಿದೆ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ತರಕಾರಿ ಟೆಂಪೋದಲ್ಲಿ ಬಂದು ಹಳೇ ಮದ್ರಾಸ್ ರಸ್ತೆಯಲ್ಲಿ ಇಳಿದು ಮನೆಗೆ ನಡೆದು ಬಂದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಎಡಗೈಗೆ ಮೊಣಕೈವರೆಗೆ ಹಳೇ ಸೀರೆಯ ತುಂಡು ಸುತ್ತಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಬಿಡಿಸಿದಾಗ ನಾನು ಹೊರಗೆ ಹೋದೆ. ಬಿಸಿನೀರು ಬಿತ್ತು ಎಂದಷ್ಟೇ ಡಾಕ್ಟರಿಗೆ ಹೇಳಿದಳಂತೆ.

ಎಂಟು ದಿನದ ಮೇಲೆ ಅವಳ ಗಂಡ ಮತ್ತು ಗಂಡನ ಅಣ್ಣ ಮಾತುಕತೆಗೆ ಬಂದರು. ನಮ್ಮ ಹಾಲಿನಲ್ಲಿ ದೊಡ್ಡಪ್ಪ, ನಾನು, ಬೀದಿಯ ಇಬ್ಬರು ಹಿರಿಯರು. ಅಮ್ಮ ಬಾಗಿಲ ಮರೆಯಲ್ಲಿ, ತಂಗಿ ಅಡುಗೆಮನೆಯಲ್ಲಿ. ಗಂಡ ತಲೆ ಎತ್ತಲಿಲ್ಲ, ಮಾತೆಲ್ಲ ಅವನ ಅಣ್ಣನದು. ಕೈ ಜಾರಿ ನೀರು ಬಿತ್ತು, ನೂಲಿನ ಮನೆಯಲ್ಲಿ ಇದೆಲ್ಲ ಇದ್ದದ್ದೇ, ಇವಳು ಹಟಮಾರಿ, ಇವತ್ತೇ ಕಳಿಸಿಕೊಡಿ ಎಂದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

“ಹೋದ ಸಲ ಇವನೇ ತಂದು ಬಿಟ್ಟನಲ್ಲ ದೊಡ್ಡೋರೆ. ಅವಳಿಗೆ ಮನಸ್ಸಿಲ್ದೆ ತರ್ತಿದ್ನಾ? ಕೇಳಿ ಬೇಕಾದ್ರೆ.”

ದೊಡ್ಡಪ್ಪ ನನ್ನ ಕಡೆ ತಿರುಗಿದರು. “ನೀನೇ ತಾನೇನೋ ಹೇಳಿದ್ದು? ಮಿಷಿನ್ನಲ್ಲಿ ನೋಡ್ದೆ, ಅವಳಿಗೆ ಭಯ ಇಲ್ಲ ಅಂದೆ.”

ಹೌದು, ಅವತ್ತಿನ ಮಾತು ಅವತ್ತಿಗೆ ಎಂದು ತೇಲಿಸಬಹುದಿತ್ತು. ಆದರೆ ಹಾಗೆ ಹೇಳಿದರೆ ಹಿರಿಯರು ಎರಡೂ ಕಡೆ ಸಮಾಧಾನ ಹೇಳಿ, ಗಾಯ ಮಾಯ್ದ ಮೇಲೆ ಕಳಿಸಿ ಎನ್ನುವುದು ಖಂಡಿತವಿತ್ತು. ಮಾತು ಒಂದೇ ಕಡೆ ವಾಲುವುದನ್ನು ನಾನು ಎಷ್ಟೋ ಗುಂಪಿನಲ್ಲಿ ಕೇಳಿಸಿಕೊಂಡಿದ್ದೆ. ಈಗ ನಮ್ಮ ಹಾಲಿನಲ್ಲೂ ಅದು ವಾಲತೊಡಗಿತ್ತು.

“ಮಿಷಿನ್ ಅವಳ ಕೈ ಹಿಡೀಲಿಲ್ಲ ದೊಡ್ಡಪ್ಪ,” ಎಂದೆ. “ಬಿಸಿನೀರಲ್ಲಿ ಬೆಂದು ಬೆಂದು ಬೆರಳು ಗಟ್ಟಿಯಾಗಿತ್ತು. ಕಾಲಿಗೆ ಕಟ್ಬೇಕಿತ್ತು, ಕಟ್ಟಲಿಲ್ಲ. ಕಟ್ಟಿದೀನಿ ಅಂತ ಸುಳ್ಳು ಬರ್ದೆ. ಆಮೇಲೆ ಕಿವಿದು ನೋಡಿದ್ರೆ ಎಲ್ಲರಿಗಿಂತ ಹೆಚ್ಚು ಹೆದರಿದ್ಲು. ಅದು ಗೊತ್ತಾಗಿ ನಾಲ್ಕು ತಿಂಗಳಾಯ್ತು. ಹೇಳಿದ್ರೆ ನನ್ನ ಮದುವೆ ನಿಲ್ಲುತ್ತೆ ಅಂತ ಹೇಳ್ಲಿಲ್ಲ.”

ಗಂಡನ ಅಣ್ಣ ನಕ್ಕ. “ಕನೆಕ್ಷನ್ನೇ ಕೊಡ್ದೆ ಬಲ್ಬು ಹತ್ಲಿಲ್ಲ ಅಂತಾನೆ ನೋಡಿ ಎಲೆಕ್ಟ್ರಿಷಿಯನ್ನು.”

ಬೀದಿಯ ಹಿರಿಯರಲ್ಲಿ ಒಬ್ಬರಿಗೂ ನಗು ಬಂತು. ದೊಡ್ಡಪ್ಪ ನಗಲಿಲ್ಲ. ತಂಗಿಯನ್ನು ಕರೆದರು. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಹಿರಿಯರು ಒಬ್ಬೊಬ್ಬರಾಗಿ ಬುದ್ಧಿ ಹೇಳಲು ಶುರು ಮಾಡಿದರು. ಸ್ವಲ್ಪ ಯಾರೂ ಮಾತಾಡಬೇಡಿ, ಅವಳು ಹೇಳುವವರೆಗೆ ಕಾಯೋಣ ಎಂದು ಕೈ ಮುಗಿದು ಕೇಳಿದೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಹಾಗೆ ಹೇಳಿದವರು ಯಾರೂ ಇಲ್ಲ. ಅವರು ಸುಮ್ಮನಾದರು. ಬೀದಿಯಲ್ಲಿ ಪಾತ್ರೆ ಮಾರುವವನು ಕೂಗುತ್ತ ಬಂದು, ನಮ್ಮ ಮನೆ ದಾಟಿ, ಮೂಲೆ ತಿರುಗಿ ಹೋದ.

“ನಾನು ಹೋಗಲ್ಲ,” ಎಂದಳು. “ನೀರು ಬಿದ್ದಿದ್ದಲ್ಲ ದೊಡ್ಡಪ್ಪ. ಕೈ ಹಿಡ್ಕೊಂಡು ಅದ್ದಿದ್ರು.”

ಯಾರು ಎಂದು ದೊಡ್ಡಪ್ಪ ಕೇಳಲಿಲ್ಲ. ಅವಳು ಗಂಡನ ಅಣ್ಣನನ್ನೇ ನೋಡುತ್ತಿದ್ದಳು, ಅವರೂ ಅತ್ತ ನೋಡಿದರು. ಗಂಡ ಚಾಪೆಯ ಅಂಚನ್ನು ಕೀಳುತ್ತಿದ್ದ. ಬಂದವರು ಕಾಫಿ ಕುಡಿಯದೆ ಎದ್ದು ಹೋದರು. ಮುಂದಿನದ್ದೆಲ್ಲ ಪೊಲೀಸು, ಕೋರ್ಟು. ನಾನು ಎರಡು ಕಡೆಯೂ ಹೋಗಿ ಇದನ್ನೇ ಹೇಳಿದೆ.

ಮಾತುಕತೆಯ ಮರುದಿನ ಮೇಡಂಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಂಟು ಜನರ ಮಾತು ಒಂದಕ್ಕೊಂದು ಹೆಣೆದಿರುವುದರಿಂದ ಆ ಇಡೀ ಗುಂಪಿನ ದಾಖಲೆ ಕೈಬಿಡಬೇಕಾಯಿತು. ಅದಕ್ಕೆ ಅವರು ಏನೂ ಅನ್ನಲಿಲ್ಲ. “ನಿನ್ನ ತಂಗೀನ್ನ ನನ್ನ ಮುಂದ ಕುಂದರ್ಸಿ ಬೀದಿಯಾಕಿ ಅಂದಿ. ಆಕಿ ಅರಾಮ ಇದ್ದಾಳೇನು ಅಂತ ನಾ ಕೇಳಿದ್ದೆ,” ಎಂದರು. ಆರು ತಿಂಗಳು ನನಗೆ ಪಟ್ಟಿ ಕಟ್ಟಲು ಬಿಡಲಿಲ್ಲ. ಟೋಪಿ ತೊಳೆಯುವುದು, ಕುರ್ಚಿ ಜೋಡಿಸುವುದು ಮಾತ್ರ. ಅದು ನ್ಯಾಯವೇ.

ಕೈ ವಾಸಿಯಾದ ಮೇಲೆ ತಂಗಿ ದೊಡ್ಡನೆಕ್ಕುಂದಿಯ ಗಾರ್ಮೆಂಟ್ಸ್‌ಗೆ ಸೇರಿದಳು. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಹಾಗಾಗಿ ಹೊಲಿಗೆ ಬೇಡವೆಂದು ಗುಂಡಿ ಎಣಿಸುವ ಕಡೆ ಹಾಕಿದ್ದಾರೆ. ಒಂದು ಭಾನುವಾರ ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ಎದುರು ಕೂತು, ಅವತ್ತು ಶಿಡ್ಲಘಟ್ಟಕ್ಕೆ ವಾಪಸ್ ಕರೆದುಕೊಂಡು ಹೋದದ್ದು ನನ್ನ ತಪ್ಪು ಎಂದೆ. ಎಲ್ಲರ ಮುಂದೆ ಹೇಳಿದ್ದೆ, ಅವಳಿಗೆ ಹೇಳಿರಲಿಲ್ಲ. ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ.

“ಹೊಸಕೋಟೇಲಿ ಬಸ್ಸು ಬದಲಿಸೋವಾಗ ನಿನ್ನನ್ನ ನೀರು ತರೋಕೆ ಕಳಿಸಿದ್ದೆ, ನೆನಪಿದೆಯಾ?”

ನನಗೆ ನೆನಪಿರಲಿಲ್ಲ.

“ನೀನು ಆ ಕಡೆ ಹೋದ್ಮೇಲೆ ಬೆಂಗಳೂರಿನ ಬಸ್ಸು ಬಂದು ಮುಂದೆ ನಿಂತ್ಕೊಳ್ತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ. ಆಮೇಲೆ ಇಳ್ಕೊಂಡೆ.”

ಯಾಕೆ ಎಂದು ಕೇಳಿದೆ.

“ನೀನು ನೀರು ತಗೊಂಡು ಬಂದು ನನ್ನ ಹುಡುಕಾಡ್ತೀಯಲ್ಲ ಅಂತ,” ಎಂದಳು. ಒಂದು ಕಲ್ಲು ಹೆಕ್ಕಿ ಆಚೆ ಎಸೆದು, ಮೊರವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು.